ಈ ಸಾಲು ಎಲ್ಲಿಂದ ಬಂತು?

ಝೀಟಾ ಮೇಡಂ ಕಾರ್ಕಳ ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಕಾಣಿಸಿಕೊಂಡ ಕೂಡಲೇ ಕಂಡಕ್ಟರ್ ರಾಝಿಕ್ ಸೀಟಿ ಊದುತ್ತಿದ್ದ. ಬಸ್ಸು ಹೊರಡಲು ಇನ್ನೂ ಎರಡು ನಿಮಿಷ ಇದ್ದರೂ ಊದುತ್ತಿದ್ದ. ಐವತ್ತನಾಲ್ಕು ವರ್ಷದ ಆ ಹೆಂಗಸು ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದು ಕೈಯಲ್ಲಿ ಕೊಡೆ ಹಿಡಿದು ಓಡಿ ಬರಬೇಕು. ಹತ್ತಿದ ಮೇಲೆ ಅವನು ಅವರ ಮುಖ ನೋಡದೆ, "ಒಳಗೆ ಹೋಗಿ, ಒಳಗೆ ಹೋಗಿ, ನಡುವಿನಲ್ಲಿ ಜಾಗ ಉಂಟು" ಎಂದು ಕೂಗುತ್ತಿದ್ದ. ಮಣಿಪಾಲದಲ್ಲಿ ಅವರು ಇಳಿಯುವಾಗ ಬಸ್ಸು ನಿಲ್ಲುತ್ತಿದ್ದುದು ನಿಲ್ದಾಣದಿಂದ ಮೂವತ್ತು ಮಾರು ಮುಂದೆ. ಮಳೆಗಾಲದಲ್ಲಿ ಇನ್ನೂ ಸ್ವಲ್ಪ ಮುಂದೆ.

ನಾನು ಮಣಿಪಾಲದ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿರುವವನು. ಬೆಳಿಗ್ಗೆ ಏಳು ನಲವತ್ತರ ಆ ಖಾಸಗಿ ಬಸ್ಸಿನಲ್ಲೇ ಹೋಗುತ್ತೇನೆ, ಸಂಜೆ ಅದರಲ್ಲೇ ಬರುತ್ತೇನೆ. ಬಸ್ಸಿನೊಳಗೆ ನಡೆದದ್ದನ್ನು ಕಣ್ಣಾರೆ ನೋಡಿದ್ದೇನೆ. ಉಳಿದದ್ದನ್ನು ರಾಝಿಕ್ ಆಮೇಲೆ ಹೇಳಿದ.

ಮೇಡಂ ಕೂಡ ಸುಮ್ಮನೆ ಇರುವವರಲ್ಲ. ಮಣಿಪಾಲದ ಹತ್ತಿರದ ಒಂದು ಕಾಲೇಜಿನಲ್ಲಿ ಬಿಸಿಎ ಮಕ್ಕಳಿಗೆ ಗಣಿತ ಕಲಿಸುವವರು ಅವರು. ಯೂನಿವರ್ಸಿಟಿಯ ಫಲಿತಾಂಶ ಬಂದ ಮರುದಿನ, ರಾಝಿಕ್ ಟಿಕೆಟ್ ಕೊಡಲು ಹತ್ತಿರ ಬಂದಾಗ, ಹಿಂದೆ ಮುಂದೆ ನಾಲ್ಕು ಸಾಲು ಸೀಟಿಗೆ ಕೇಳುವ ಹಾಗೆ ಕೇಳುತ್ತಿದ್ದರು:

"ಎಂತ ರಾಝಿಕ್, ಈ ಸಲವೂ ಇಲ್ವಾ?"

"ಇಲ್ಲ ಮೇಡಂ."

"ನಾನೂ ಹಾಗೇ ಅಂದುಕೊಂಡೆ."

ರಾಝಿಕ್ ಎರ್ಮಾಳಿನವನು. ಅಪ್ಪ ಮಲ್ಪೆಯಿಂದ ಮೀನಿನ ಲಾರಿ ಓಡಿಸುತ್ತಿದ್ದರು, ಈಗ ಇಲ್ಲ. ಕಾಪುವಿನಲ್ಲಿ ಪಿಯುಸಿ ಮುಗಿಸಿ ಇವನು ಇದೇ ಮೇಡಂ ಇದ್ದ ಕಾಲೇಜಿಗೆ ಬಿಸಿಎ ಸೇರಿದ. ೨೦೧೮ರಲ್ಲಿ ಅವನ ಬ್ಯಾಚು ಹೊರಬಿದ್ದಾಗ ಎಲ್ಲ ಪೇಪರೂ ಪಾಸು, ಮೇಡಂ ಕಲಿಸಿದ ಗಣಿತ ಒಂದು ಬಿಟ್ಟು. ಆ ಒಂದನ್ನು ಮತ್ತೆ ನಾಲ್ಕು ಸಲ ಬರೆದ, ನಾಲ್ಕು ಸಲವೂ ಹೋಯಿತು. ಈ ನಡುವೆಯೇ, ಕೈಯಲ್ಲಿ ಡಿಗ್ರಿ ಇಲ್ಲದೆ ಬಸ್ಸಿಗೆ ಸೇರಿದ್ದ.

ಆ ಪೇಪರಿನ ಅರ್ಧ ಭಾಗ ತರ್ಕ. ಮಾತಿನ ತರ್ಕವಲ್ಲ, ಚಿಹ್ನೆಗಳ ತರ್ಕ. ಒಂದು ಹೇಳಿಕೆಗೆ ಪಿ ಎಂದು ಹೆಸರಿಡುತ್ತಾರೆ, ಇನ್ನೊಂದಕ್ಕೆ ಕ್ಯೂ, ನಡುವೆ ಬಾಣ, 'ಅಲ್ಲ' ಎನ್ನಲು ಕೊಕ್ಕೆ, ತಲೆಕೆಳಗಾದ ವಿ. ಮೂರೋ ನಾಲ್ಕೋ ಹೇಳಿಕೆಗಳನ್ನು ಆಧಾರವಾಗಿ, ಅಂದರೆ ನಿಜವೆಂದು ಕೊಟ್ಟು, ಅವುಗಳಿಂದ ಕೊನೆಯ ಹೇಳಿಕೆ ಬಂದೇ ಬರುತ್ತದೆಂದು ಸಾಲು ಸಾಲಾಗಿ ಸಾಧಿಸಿ ಎನ್ನುತ್ತಾರೆ. ಪ್ರತಿ ಸಾಲಿನ ಬಲಕ್ಕೆ ಅದು ಮೇಲಿನ ಯಾವ ಸಾಲುಗಳಿಂದ, ಯಾವ ನಿಯಮದ ಪ್ರಕಾರ ಬಂತೆಂದು ಬರೆಯಬೇಕು. ರಾಝಿಕ್‌ಗೆ ತಲೆಗೆ ಹೋಗದ ಸಂಗತಿ ಒಂದೇ. ಬೇರೆ ಲೆಕ್ಕಗಳಲ್ಲಿ ಉತ್ತರ ಹುಡುಕಬೇಕು. ಇಲ್ಲಿ ಉತ್ತರ ಪ್ರಶ್ನೆಯಲ್ಲೇ ಅಚ್ಚಾಗಿರುತ್ತದೆ. ಉತ್ತರ ಅವರೇ ಕೊಟ್ಟ ಮೇಲೆ ಮತ್ತೆ ಕೇಳುದು ಎಂತ? ಅವನು ಕೊಟ್ಟದ್ದನ್ನು ಬರೆದು, ನಡುವೆ ಎರಡು ಸಾಲು ಗೀಚಿ, ಕೊನೆಯ ಸಾಲಿಗೆ ಹಾರಿಬಿಡುತ್ತಿದ್ದ. ಉತ್ತರ ಸರಿಯಾಗಿಯೇ ಇರುತ್ತಿತ್ತು. ಅಂಕ ಸೊನ್ನೆ.

ಎರಡನೇ ವರ್ಷದಲ್ಲಿ ಒಂದು ದಿನ ಮೇಡಂ ಅವನನ್ನು ಬೋರ್ಡಿಗೆ ಕರೆದರು. 'ಪಿ ಆದರೆ ಕ್ಯೂ' ಎಂಬುದು ನಿಜ, 'ಕ್ಯೂ' ಕೂಡ ನಿಜ. ಇವನು ಕೆಳಗೆ 'ಆದ್ದರಿಂದ ಪಿ' ಎಂದು ಬರೆದ.

"ಮಳೆ ಬಂದರೆ ರಸ್ತೆ ಒದ್ದೆಯಾಗ್ತದೆ" ಎಂದರು ಮೇಡಂ. "ರಸ್ತೆ ಒದ್ದೆ ಉಂಟು ಅಂತ ಮಳೆ ಬಂತು ಅಂತ ಹೇಳ್ತೀಯಾ? ನಿಮ್ಮ ಊರಿನ ರಸ್ತೆಯಲ್ಲಿ ಮೀನಿನ ಲಾರಿ ನೀರು ಸುರಿಸಿಕೊಂಡು ಹೋಗುದು ನೀನು ನೋಡಿಲ್ವಾ?"

ತರಗತಿ ಗೊಳ್ಳೆಂದಿತು. ಮೇಡಂ ಕೂಡ ನಕ್ಕರು. ಅವನ ಅಪ್ಪನ ಕೆಲಸ ಗೊತ್ತಿದ್ದ ಇಬ್ಬರು ಹುಡುಗರು ಹಿಂದಿನ ಬೆಂಚಿನಿಂದ ಹಾರ್ನ್ ಬಾರಿಸಿದ ಸದ್ದು ಮಾಡಿದರು. ಅವತ್ತಿನಿಂದ ಕಾಲೇಜು ಮುಗಿಯುವ ತನಕ ಅವನ ಹೆಸರು ಮೀನಿನ ಲಾರಿ. ಗೊತ್ತಿದ್ದೇ ಮೇಡಂ ಹಾಗೆ ಹೇಳಿದ್ದು ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯ ಇರಲಿಲ್ಲ. ಅದರ ಮುಂದಿನ ತಿಂಗಳೇ, ಕೊನೆಯ ಮೊತ್ತಕ್ಕೆ ಅಂಕ ಸೇರುವ ಒಂದು ಕಿರುಪರೀಕ್ಷೆಯಲ್ಲಿ, ಹತ್ತು ಅಂಕದ ಪ್ರಶ್ನೆಗೆ, ಒಂಬತ್ತು ಸಾಲು ಬರೆದಿದ್ದರೂ ಅವರು ಸೊನ್ನೆ ಸುತ್ತಿದರು. ಮೊದಲ ಸಲ ಅವನು ಫೇಲಾದದ್ದು ನಾಲ್ಕು ಅಂಕದಿಂದ. ಆ ಹತ್ತರಲ್ಲಿ ಅರ್ಧ ಕೊಟ್ಟಿದ್ದರೂ ಅವತ್ತೇ ದಾಟುತ್ತಿದ್ದೆ ಎಂದು ಅವನು ಕಂಡಕಂಡವರಿಗೆ ಹೇಳುತ್ತಿದ್ದ. ಆ ಉತ್ತರಪತ್ರಿಕೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೋಪಾನವಾಗಿ ಇಟ್ಟಿದ್ದ.

ಮನೆಯಲ್ಲೂ ಅವನಿಗೆ ನೆಮ್ಮದಿ ಇರಲಿಲ್ಲ. ಮೂರು ವರ್ಷದ ಹಿಂದೆ ಕಾರ್ಕಳದ ನಾಝಿಯಾಳನ್ನು ಮದುವೆಯಾಗಿ ಕಾರ್ಕಳದಲ್ಲೇ ಮನೆ ಮಾಡಿದ. ಅವಳು ಬಿಕಾಂ, ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗ್ ನೋಡುವವಳು. ಸಂಬಂಧ ತಂದವರು ಹುಡುಗ ಬಿಸಿಎ ಎಂದಿದ್ದರು. ಇವನು ಅಲ್ಲ ಎನ್ನಲಿಲ್ಲ. ಮದುವೆಯಾಗಿ ಎಂಟು ತಿಂಗಳಿಗೆ ಒಂದು ಕಚೇರಿ ಕೆಲಸಕ್ಕೆ ಅವಳೇ ಅರ್ಜಿ ತುಂಬಲು ಕೂತು, "ಸರ್ಟಿಫಿಕೇಟ್ ಎಲ್ಲಿ?" ಎಂದಳು. ಅವನು ಮಾರ್ಕ್ಸ್‌ಕಾರ್ಡುಗಳ ಕಟ್ಟನ್ನು ಮುಂದಿಟ್ಟ. ಅವಳು ಒಂದೊಂದೇ ತೆಗೆದು ನೋಡಿ, ಮತ್ತೆ ಅದೇ ಕ್ರಮದಲ್ಲಿ ಜೋಡಿಸಿ, ಅರ್ಜಿಯನ್ನು ಮಡಚಿದಳು. ಆಮೇಲೆ ಅವಳು ಅವನ ಯಾವ ಮಾತನ್ನೂ ಎರಡನೇ ಸಲ ಕೇಳದೆ ನಂಬಿದ್ದಿಲ್ಲ. ಬಸ್ಸು ತಡವಾಯಿತು ಎಂದರೆ ಡ್ರೈವರಿಗೆ ಫೋನು ಮಾಡಿ ಕೇಳುತ್ತಿದ್ದಳು.

ಕಳೆದ ವರ್ಷ ಜನವರಿಯಲ್ಲಿ ಯೂನಿವರ್ಸಿಟಿಯ ಪ್ರಕಟಣೆ ಬಂತು. ಹಳೆಯ ಪಠ್ಯಕ್ರಮದವರಿಗೆ ಮೇ ತಿಂಗಳಲ್ಲಿ ಕೊನೆಯ ಅವಕಾಶ, ಅದರ ನಂತರ ಇಲ್ಲ. ಮರುದಿನ ಬಸ್ಸಿನಲ್ಲಿ ಮೇಡಂ ಬಾಯಿ ತೆರೆದರು.

"ಕೊನೆಯ ಚಾನ್ಸ್ ಅಂತೆ. ನೀನು ಫೀಸು ಕಟ್ಟಬೇಡ ರಾಝಿಕ್, ಸುಮ್ಮನೆ ದಂಡ."

ಬಸ್ಸು ಬೈಲೂರು ದಾಟಿತ್ತು, ಒಳಗೆ ಕಾಲಿಡಲು ಜಾಗ ಇರಲಿಲ್ಲ. ರಾಝಿಕ್ ಟಿಕೆಟ್ ಮಿಶಿನನ್ನು ಎದೆಗೆ ಒತ್ತಿಕೊಂಡು ತಿರುಗಿದ.

"ಕಲಿಸುವವರು ಕಲಿಸಿದ್ರೆ ಅಲ್ವಾ ಮೇಡಂ ಪಾಸಾಗುದು? ನೀವು ಕಲಿಸಿದ್ದು ಎಂತ, ಮೀನಿನ ಲಾರಿಯಾ?"

ಮೇಡಂ ಮುಖ ಕೆಂಪಾಯಿತು. ಚೀಲದಿಂದ ಪೆನ್ನು ತೆಗೆದು, ಅವನು ಕೊಟ್ಟ ಟಿಕೆಟಿನ ಹಿಂಬದಿಗೆ ಏನೋ ಗೀಚಿ ಅವನ ಕೈಗೇ ವಾಪಸು ತುರುಕಿದರು. ಮೂರು ಆಧಾರ, ಕೆಳಗೊಂದು ಗೆರೆ, ಗೆರೆಯ ಕೆಳಗೆ ಸಾಧಿಸಬೇಕಾದದ್ದು.

"ಹಿರಿಯಡ್ಕ ಬರುವ ಮೊದಲು ಮಾಡಿ ಕೊಡು. ಕಲಿಸಿದ್ದೇನಾ ಇಲ್ವಾ ಅಂತ ಇಡೀ ಬಸ್ಸು ನೋಡಲಿ."

ಹಿರಿಯಡ್ಕ ಬಂತು, ಆತ್ರಾಡಿ ಬಂತು, ಪರ್ಕಳ ಬಂತು. ಅವನಿಂದ ಆಗಲಿಲ್ಲ. ಟಿಕೆಟನ್ನು ಉಂಡೆ ಮಾಡಿ ಕಿಸೆಗೆ ಹಾಕಿದ. ಇಳಿಯುವಾಗ ಮೇಡಂ ಕೈ ಚಾಚಿ, "ಎಲ್ಲಿ?" ಎಂದರು. ಅವನು ಸೀಟಿ ಊದಿದ.

ಆದರೆ ಆ ಉಂಡೆಯನ್ನು ಅವನು ಬಿಸಾಡಲಿಲ್ಲ. ಉಡುಪಿ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಇಪ್ಪತ್ತೈದು ನಿಮಿಷ ಬಿಡುವು. ಅಲ್ಲಿ ಅದನ್ನು ಬಿಡಿಸಿ, ಟಿಕೆಟ್ ಮಿಶಿನ್ನಿಗೆ ಹಾಕುವ ಕಾಗದದ ಸುರುಳಿಯಿಂದ ಒಂದು ಮೊಳ ಹರಿದು, ತೊಡೆಯ ಮೇಲಿಟ್ಟು ಬರೆಯತೊಡಗಿದ. ಎರಡು ಬೆರಳು ಅಗಲದ ಪಟ್ಟಿ. ಸಾಲಿನ ಕೆಳಗೆ ಸಾಲು ಬರೆಯಲು ಹೇಳಿ ಮಾಡಿಸಿದ ಹಾಗಿತ್ತು. ಮರುದಿನ ಬೆಳಿಗ್ಗೆ ಹನ್ನೊಂದು ಸಾಲಿನ ಆ ಪಟ್ಟಿಯನ್ನು ಟಿಕೆಟ್ ಕೊಡುವ ಹಾಗೆಯೇ ಮೇಡಂ ಕೈಗೆ ಕೊಟ್ಟ.

ಮೇಡಂ ಓದಿದರು. ಬೆರಳು ಮೆಲ್ಲನೆ ಕೆಳಗೆ ಇಳಿಯಿತು, ನಿಂತಿತು.

"ನಾಲ್ಕನೇ ಸಾಲು. ಎಲ್ಲಿಂದ ಬಂತು?"

"ಮೇಲಿನಿಂದ."

"ಮೇಲೆ ಮೂರು ಉಂಟು. ಯಾವುದರಿಂದ?"

ಅವನು ಪಕ್ಕದ ಸೀಟಿನವರಿಗೆ ಟಿಕೆಟ್ ಹರಿಯತೊಡಗಿದ.

"ಎಲ್ಲಿಂದ ಬಂತು ಅಂತ ನಿನಗೇ ಗೊತ್ತಿಲ್ಲ. ನನಗೆ ಹೇಗೆ ಗೊತ್ತಾಗಬೇಕು?" ಎಂದು ಪಟ್ಟಿಯನ್ನು ಎರಡಾಗಿ ಹರಿದು ಕಿಟಕಿಯಿಂದ ಹೊರಗೆ ಬಿಟ್ಟರು. ಉಳಿದ ಏಳು ಸಾಲನ್ನು ಓದಲೇ ಇಲ್ಲ.

ಇದು ದಿನದಿನದ ಜಗಳವಾಯಿತು. ಅವನು ಪಟ್ಟಿ ಕೊಡುವುದು, ಅವರು ತಪ್ಪು ಕಂಡ ಕಡೆ ನಿಂತು ಹರಿಯುವುದು, ಹೊಸದೊಂದು ಲೆಕ್ಕ ಬರೆದು ಕೊಡುವುದು. ಕಲಿಸುವ ಮನಸ್ಸಿನಿಂದ ಕೊಟ್ಟದ್ದೆಂದು ಯಾರೂ ತಿಳಿಯಬೇಕಾಗಿಲ್ಲ. ಅವನಿಂದ ಆಗುವುದಿಲ್ಲವೆಂದು ಬಸ್ಸಿನವರ ಎದುರು ತೋರಿಸಬೇಕಿತ್ತು, ಅಷ್ಟೇ. ಇವನೂ ಕಲಿಯುವ ಮನಸ್ಸಿನಿಂದ ಬರೆದವನಲ್ಲ. ಒಂದು ದಿನವಾದರೂ ಆ ಹೆಂಗಸಿನ ಬೆರಳು ಎಲ್ಲಿಯೂ ನಿಲ್ಲದೆ ಕೊನೆಯ ತನಕ ಇಳಿಯಬೇಕು, ಆಗ ಅವರ ಮುಖ ನೋಡಬೇಕು ಎಂಬುದೇ ಅವನ ಹಟ. ನಾವು ಪ್ರಯಾಣಿಕರು ಮೊದಲು ನಕ್ಕೆವು, ಆಮೇಲೆ ಬೇಸತ್ತೆವು. ಒಬ್ಬರು, "ಮಾರಾಯ, ಟಿಕೆಟ್ ಕೊಟ್ಟು ಆ ಮೇಲೆ ಪರೀಕ್ಷೆ ಬರಿ" ಎಂದು ರೇಗಿದ್ದೂ ಉಂಟು.

ಫೆಬ್ರವರಿ ಕೊನೆಯಲ್ಲಿ ಒಂದು ದಿನ ಆತ್ರಾಡಿಯಲ್ಲಿ ಬಸ್ಸಿನ ಮಾಲೀಕರ ಚೆಕ್ಕರ್ ಹತ್ತಿದ. ಹಿಂದಿನ ಬಾಗಿಲ ಹತ್ತಿರ ಒಬ್ಬ ಅಜ್ಜಿಯ ಕೈಯಲ್ಲಿ ಟಿಕೆಟ್ ಇರಲಿಲ್ಲ. ರಾಝಿಕ್ ಗಡಿಬಿಡಿಯಲ್ಲಿ ಕೊಡಲು ಮರೆತಿದ್ದ.

"ಅವರು ಹಿರಿಯಡ್ಕದಲ್ಲಿ ಹತ್ತಿದ್ದು. ನಾನೇ ಕಂಡಿದ್ದೇನೆ" ಎಂದ.

"ನೀನು ಕಂಡದ್ದು ನನಗೆ ಬೇಡ. ಟಿಕೆಟ್ ಎಲ್ಲಿ?" ಎಂದ ಚೆಕ್ಕರ್.

"ಅಯ್ಯೋ, ಹತ್ತಿದ್ದು ನಿಜ ಮಾರಾಯ್ರೆ, ಇಡೀ ಬಸ್ಸಿಗೆ ಗೊತ್ತುಂಟು."

"ನಿಜ ಇರಬಹುದು. ಕಾಗದದಲ್ಲಿ ಇಲ್ಲ."

ಮೂರನೇ ಸೀಟಿನಿಂದ ಮೇಡಂ ತಿರುಗದೆಯೇ ಹೇಳಿದರು: "ಅದನ್ನೇ ನಾನು ಒಂದು ತಿಂಗಳಿಂದ ಹೇಳ್ತಾ ಇರುದು."

ಚೆಕ್ಕರ್ ಅವನ ಹೆಸರು ಬರೆದುಕೊಂಡು ಇಳಿದ. ಅವಮಾನದಿಂದ ರಾಝಿಕ್‌ನ ಕಿವಿ ಬಿಸಿಯಾಗಿತ್ತು. ಆದರೆ ಉಡುಪಿ ಸ್ಟ್ಯಾಂಡಿನಲ್ಲಿ ಕೂತಾಗ ಅವನಿಗೆ ಒಂದು ಸಂಗತಿ ಹೊಳೆಯಿತು. ಅಜ್ಜಿ ಹಿರಿಯಡ್ಕದಲ್ಲಿ ಹತ್ತಿದ್ದು ಎಲ್ಲರಿಗೂ ಗೊತ್ತು, ಚೆಕ್ಕರ್ ಕೇಳಿದ್ದು ಅದನ್ನಲ್ಲ. ಪ್ರಶ್ನೆಯಲ್ಲಿ ಉತ್ತರ ಅಚ್ಚಾಗಿದ್ದರೂ ಮೇಡಂ ಕೇಳುವುದೂ ಉತ್ತರವನ್ನಲ್ಲ. ನಿಜವೆಂದು ಗೊತ್ತಿದ್ದರೆ ಸಾಲದು, ಅಲ್ಲಿಗೆ ಬಂದ ದಾರಿಯನ್ನು ಒಂದೊಂದೇ ಹೆಜ್ಜೆಯಾಗಿ ತೋರಿಸಬೇಕು. ಏಳು ವರ್ಷ ಅವನು ಯಾರೂ ಕೇಳದ ಪ್ರಶ್ನೆಗೆ ಉತ್ತರ ಬರೆಯುತ್ತಾ ಬಂದಿದ್ದ.

ಅವತ್ತು ಬಲಬದಿಯಲ್ಲಿ ಸಾಲಿನ ಸಂಖ್ಯೆ, ನಿಯಮದ ಹೆಸರು ಮೊದಲು ಬರೆದು, ಆಮೇಲೆ ಎಡಬದಿಯಲ್ಲಿ ಸಾಲು ಬರೆದ. ಸರಿಯಾಗಲು ಮತ್ತೆ ಮೂರು ವಾರ ಹಿಡಿಯಿತು. ಒಮ್ಮೆ ಎಂಟನೇ ಸಾಲಿನಲ್ಲಿ ಹರಿದರು, ಒಮ್ಮೆ ಹತ್ತನೆಯದರಲ್ಲಿ, ಒಮ್ಮೆ ಕೊಕ್ಕೆಯ ಗುರುತು ಬಿಟ್ಟುಹೋಗಿದೆ ಎಂದು ಕೊನೆ ಮುಟ್ಟಲು ಒಂದೇ ಸಾಲು ಬಾಕಿ ಇರುವಾಗ ಹರಿದರು. ಆ ದಿನ ಅವನು ಅವರನ್ನು ಮಣಿಪಾಲ ದಾಟಿಸಿ, ಮುಂದಿನ ನಿಲ್ದಾಣದಲ್ಲಿ ಇಳಿಸಿದ.

ಮಾರ್ಚ್ ಮೂರನೇ ವಾರದಲ್ಲಿ ಒಂದು ಬೆಳಿಗ್ಗೆ ಬೆರಳು ನಿಲ್ಲಲಿಲ್ಲ. ಹದಿಮೂರು ಸಾಲು ಇಳಿದು ಪಟ್ಟಿಯ ತುದಿ ಮುಟ್ಟಿತು. ರಾಝಿಕ್ ಕಂಬ ಹಿಡಿದು ನಿಂತು ಅವರ ಮುಖವನ್ನೇ ನೋಡುತ್ತಿದ್ದ. ಮೇಡಂ ಮತ್ತೊಮ್ಮೆ ಮೇಲಿನಿಂದ ಓದಿದರು. ಪಟ್ಟಿಯನ್ನು ನಾಲ್ಕಾಗಿ ಮಡಚಿ ವಾಪಸು ಕೊಟ್ಟು, "ಇದು ಸುಲಭದ್ದು" ಎಂದರು. ಪೆನ್ನು ತೆಗೆದು ಇನ್ನೊಂದು ಬರೆದು ಕೊಟ್ಟರು. ಐದು ಆಧಾರಗಳದ್ದು.

ಆ ಸಂತೋಷದಲ್ಲಿ ಅವನು ಮನೆಗೆ ಹೋಗಿ ನಾಝಿಯಾಳಿಗೆ ಹೇಳಿದ. ಅವಳು ನಂಬಲಿಲ್ಲ. ಅದರ ಮುಂದಿನ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವಳು ಕಪಾಟಿನಿಂದ ಪ್ಲಾಸ್ಟಿಕ್ ಕವರು ತಂದು ಅವನ ಮುಂದೆ ಹಾಕಿದಳು. ಒಳಗೆ ಆ ಹಳೆಯ ಕಿರುಪರೀಕ್ಷೆಯ ಪತ್ರಿಕೆ.

"ಮೇಡಂ ಬೇಕೂಂತ ಸೊನ್ನೆ ಹಾಕಿದ್ದು ಅಂತ ಮದುವೆಯಾದಾಗಿನಿಂದ ಹೇಳ್ತಾ ಇದ್ದೀರಿ. ಈಗ ನಿಮಗೆ ಬರ್ತದಲ್ಲ? ಓದಿ ಹೇಳಿ. ಸರಿ ಉಂಟಾ?"

ಅವನು ಗರ್ವದಿಂದಲೇ ಓದಲು ಕೂತ. ಮೊದಲ ಮೂರು ಸಾಲು ಕೊಟ್ಟದ್ದು. ನಾಲ್ಕು ಸರಿ. ಐದು ಸರಿ. ಆರನೆಯ ಸಾಲಿಗೆ ಬಂದಾಗ ಅವನ ಬೆರಳು ತಾನಾಗಿ ನಿಂತಿತು. ಎರಡನೇ ಸಾಲಿನಲ್ಲಿ 'ಆರ್ ಆದರೆ ಎಸ್' ಎಂದಿದೆ. ಐದನೆಯದರಲ್ಲಿ 'ಎಸ್' ಸಿಕ್ಕಿದೆ. ಇವನು ಆರನೆಯದಾಗಿ 'ಆರ್' ಎಂದು ಬರೆದಿದ್ದಾನೆ. ರಸ್ತೆ ಒದ್ದೆ ಉಂಟು, ಆದ್ದರಿಂದ ಮಳೆ ಬಂತು. ಬೋರ್ಡಿನ ಮೇಲೆ ಮಾಡಿದ ಅದೇ ತಪ್ಪು, ಇಲ್ಲಿ ಅಕ್ಷರ ಬೇರೆ, ಅಷ್ಟೇ. ಉಳಿದ ಮೂರು ಸಾಲು ಇದರ ಮೇಲೆಯೇ ನಿಂತಿದ್ದವು.

ಇನ್ನೊಮ್ಮೆ ಓದಿದ. ಬೇರೆ ದಾರಿಯಿಂದ 'ಆರ್' ಬರಬಹುದೇ ಎಂದು ಹುಡುಕಿದ. ಬರುವ ದಾರಿ ಇತ್ತು, ಆದರೆ ಅವನು ಅದನ್ನು ಬರೆದಿರಲಿಲ್ಲ.

"ಸರಿ ಉಂಟಾ ಅಂತ ಕೇಳಿದೆ" ಎಂದಳು ನಾಝಿಯಾ.

ಸರಿ ಉಂಟು ಎಂದಿದ್ದರೆ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಆ ಚಿಹ್ನೆಗಳು ಅವಳಿಗೆ ಓದಲು ಬರುವುದಿಲ್ಲ.

"ಇಲ್ಲ" ಎಂದ ಅವನು. "ತಪ್ಪು ಉಂಟು. ಸೊನ್ನೆಯೇ ಬರಬೇಕಾದ್ದು."

"ಹಾಗಾದ್ರೆ ಏಳು ವರ್ಷ ಬೈದದ್ದು ಯಾರಿಗೆ?"

ಅವಳು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅವಳು ಕಿರುಚಾಡಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ ಎಂದು ರಾಝಿಕ್ ನನಗೆ ಹೇಳಿದ.

ಇಷ್ಟಾದ ಮೇಲೆ ಅವನ ಸಿಟ್ಟು ಇಳಿಯಬೇಕಿತ್ತು ಎಂದು ನಾನು ತಿಳಿದಿದ್ದೆ. ಇಳಿಯಲಿಲ್ಲ. ಒಂದು ವಾರ ಅವನು ಮೇಡಂ ಹತ್ತಿರ ಹೋದಾಗಲೆಲ್ಲ ಏನನ್ನೋ ನುಂಗಿಕೊಳ್ಳುತ್ತಿದ್ದ. ಪಟ್ಟಿಗಳು ಮಾತ್ರ ದಿನವೂ ಹೋಗಿ ಬರುತ್ತಿದ್ದವು, ಏಪ್ರಿಲ್ ಕೊನೆಯ ತನಕ. ಆ ತಿಂಗಳ ಕೊನೆಯ ಶನಿವಾರ ಸಂಜೆಯ ಬಸ್ಸಿನಲ್ಲಿ ಹತ್ತು ಹನ್ನೆರಡು ಜನ ಮಾತ್ರ ಇದ್ದೆವು. ಪರ್ಕಳ ಕಳೆದ ಮೇಲೆ ಅವನು ಮೇಡಂ ಸೀಟಿನ ಹತ್ತಿರ ನಿಂತ. ನಾನು ಎರಡು ಸೀಟು ಹಿಂದೆ.

"ಒಂದು ಕೇಳ್ಬೇಕು. ನನ್ನ ಅಪ್ಪ ಮೀನಿನ ಲಾರಿ ಓಡಿಸ್ತಿದ್ರು. ನಿಮಗೆ ಗೊತ್ತಿತ್ತಾ?"

"ಯಾವಾಗ?"

"ಕ್ಲಾಸಿನಲ್ಲಿ ಆ ಮಾತು ಹೇಳಿದಾಗ."

ಮೇಡಂ ಅವನನ್ನು ವಿಚಿತ್ರವಾಗಿ ನೋಡಿದರು. "ಆ ಉದಾಹರಣೆಯಾ? ಅದನ್ನು ಇಪ್ಪತ್ತು ವರ್ಷದಿಂದ ಎಲ್ಲ ಬ್ಯಾಚಿಗೂ ಹೇಳ್ತೇನೆ. ನಿನ್ನ ಅಪ್ಪ ಯಾರು ಅಂತ ನನಗೆ ಹೇಗೆ ಗೊತ್ತು?"

"ನನಗೆ ಎರಡು ವರ್ಷ ಅದೇ ಹೆಸರು ಇತ್ತು."

"ನಾನು ಕರೆದದ್ದಾ?"

"ನೀವು ಕರೆದದ್ದಲ್ಲ. ನೀವು ನಕ್ಕದ್ದು."

"ನಕ್ಕಿರಬಹುದು. ನೆನಪಿಲ್ಲ. ನೀನು ಬರೆದದ್ದು ತಪ್ಪಿತ್ತಾ ಇಲ್ವಾ?"

"ತಪ್ಪಿತ್ತು" ಎಂದ ರಾಝಿಕ್. ದನಿ ಏರಿತು. "ಬೋರ್ಡಿನಲ್ಲೂ ತಪ್ಪು, ಟೆಸ್ಟಿನಲ್ಲೂ ತಪ್ಪು. ಸೊನ್ನೆ ಹಾಕಿದ್ದು ಸರಿ. ಅದರಿಂದ ನಕ್ಕದ್ದೂ ಸರಿ ಅಂತ ಬರುದಿಲ್ಲ ಮೇಡಂ. ಈ ನಾಲ್ಕು ವರ್ಷ ಬಸ್ಸಿನಲ್ಲಿ ಎಲ್ಲರ ಎದುರು ಕೇಳಿದ್ದು ಸರಿ ಅಂತಲೂ ಬರುದಿಲ್ಲ. ಎಲ್ಲಿಂದ ಬರ್ತದೆ? ಹೇಳಿ. ಯಾವ ಸಾಲಿನಿಂದ?"

ಮೇಡಂ ಕಿಟಕಿಯ ಕಡೆ ತಿರುಗಿದರು. ಕೊಡೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಅವತ್ತು ಕಾರ್ಕಳದಲ್ಲಿ ಅವನು ಅವರನ್ನು ಸರಿಯಾದ ಜಾಗದಲ್ಲೇ ಇಳಿಸಿದ.

ಸೋಮವಾರ ಮೇಡಂ ನಮ್ಮ ಬಸ್ಸಿಗೆ ಬರಲಿಲ್ಲ. ಏಳು ಇಪ್ಪತ್ತರ ಬೇರೆ ಕಂಪನಿಯ ಬಸ್ಸು ಹತ್ತಿದ್ದನ್ನು ನಾನೇ ನೋಡಿದೆ. ಮಂಗಳವಾರವೂ ಹಾಗೇ. ಗೆದ್ದೆ ಎಂದುಕೊಂಡ ರಾಝಿಕ್‌ಗೆ ಬುಧವಾರದ ಹೊತ್ತಿಗೆ ಕಿಸೆಯಲ್ಲಿ ಮೂರು ಪಟ್ಟಿ ಸೇರಿದ್ದವು. ಓದುವವರು ಇರಲಿಲ್ಲ. ಪರೀಕ್ಷೆಗೆ ಇನ್ನು ಹದಿನೈದು ದಿನ. ತಾನೇ ಬರೆದದ್ದನ್ನು ತಾನೇ ಓದಿದರೆ ಎಲ್ಲ ಸಾಲೂ ಸರಿ ಕಾಣುತ್ತಿತ್ತು. ಹರಿಯುವ ಕೈ ಇಲ್ಲದೆ ತಪ್ಪು ಎಲ್ಲಿದೆಯೆಂದೇ ತಿಳಿಯದಾಯಿತು.

ಡ್ರೈವರ್ ಬೀರಪ್ಪ ಬಾಗಲಕೋಟೆ ಕಡೆಯವನು, ಐವತ್ತರ ಹತ್ತಿರದ ಮನುಷ್ಯ, ಏಳನೇ ತರಗತಿ ಓದಿದವನು. ಉಡುಪಿ ಸ್ಟ್ಯಾಂಡಿನಲ್ಲಿ ಸ್ಟೀರಿಂಗಿನ ಮೇಲೆ ಕಾಲು ಚಾಚಿ ಕೂತವನ ಹತ್ತಿರ ರಾಝಿಕ್ ಪಟ್ಟಿ ಹಿಡಿದು ಹೋದ.

"ಬೀರಪ್ಪಣ್ಣ, ನಾನು ಒಂದೊಂದೇ ಸಾಲು ಓದ್ತೇನೆ. ನೀವು ಪ್ರತಿ ಸಾಲಿಗೂ ಎಲ್ಲಿಂದ ಬಂತು ಅಂತ ಕೇಳ್ಬೇಕು. ಅಷ್ಟೇ."

"ನನಗೇನ್ ತಿಳಿತೈತೋ ಅದು?"

"ತಿಳಿಯುದು ಬೇಡ. ಕೇಳಿದ್ರೆ ಸಾಕು."

"ಆತು, ಓದು."

"ಪಿ ಆದರೆ ಕ್ಯೂ. ಇದು ಕೊಟ್ಟದ್ದು."

"ಪಿ ಅಂದ್ರ ಯಾರು?"

"ಯಾರೂ ಅಲ್ಲ."

"ಯಾರೂ ಅಲ್ಲದವನ ಸಲುವಾಗಿ ಎದಕ್ಕ ಇಷ್ಟು ತ್ರಾಸ ತಗೋತಿ?"

"ಬೀರಪ್ಪಣ್ಣ!"

"ಆತಪ್ಪ, ಆತು. ಎಲ್ಲಿಂದ ಬಂತು?"

ಹದಿನೈದು ದಿನ ಬೀರಪ್ಪ ಕೇಳಿದ. ಚಾ ಕುಡಿಯುತ್ತಾ ಕೇಳಿದ, ಚಕ್ರದ ಗಾಳಿ ನೋಡುತ್ತಾ ಕೇಳಿದ. ರಾಝಿಕ್ ಕ್ಷಣ ತಡೆದು ಉತ್ತರ ಕೊಟ್ಟರೆ, "ತಡವರಿಸಿದಿ. ಅಲ್ಲೇನೋ ಐತಿ, ನೋಡು" ಎನ್ನುತ್ತಿದ್ದ. ನೋಡಿದರೆ ಅಲ್ಲಿ ನಿಜವಾಗಿಯೂ ಏನಾದರೂ ಇರುತ್ತಿತ್ತು. ಅವನಿಗೆ ತರ್ಕ ಗೊತ್ತಿರಲಿಲ್ಲ. ಆದರೆ ಸುಳ್ಳು ಹೇಳುವವನ ದನಿ ಗೊತ್ತಿತ್ತು.

ಮೇ ತಿಂಗಳ ಪರೀಕ್ಷೆಗೆ ಉಡುಪಿಯ ಒಂದು ಕಾಲೇಜು ಕೇಂದ್ರ. ಸುತ್ತ ಹತ್ತೊಂಬತ್ತು ಇಪ್ಪತ್ತರ ಹುಡುಗರು. ಕಾವಲಿಗಿದ್ದವರು ಇವನ ಗಡ್ಡ ನೋಡಿ ಹಾಲ್ ಟಿಕೆಟನ್ನು ಎರಡು ಸಲ ತಿರುಗಿಸಿ ನೋಡಿದರು, "ನೀವು ಯಾರ ಪರವಾಗಿ ಬಂದದ್ದು?" ಎಂದು ಕೇಳಿಯೂ ಬಿಟ್ಟರು. ರಾಝಿಕ್ ಗುರುತಿನ ಚೀಟಿ ತೋರಿಸಿದ.

ತರ್ಕದ ದೊಡ್ಡ ಪ್ರಶ್ನೆಯಲ್ಲಿ ನಾಲ್ಕು ಆಧಾರ ಕೊಟ್ಟಿದ್ದರು. ನೇರ ಹೋದರೆ ಐದನೇ ಸಾಲಿಗೆ ದಾರಿ ಮುಚ್ಚಿತ್ತು. ಅರ್ಧ ಗಂಟೆ ಹೋಯಿತು. ಹಳೆಯ ಚಪಲ ಎದ್ದಿತು: ಕೊನೆಯ ಸಾಲು ಗೊತ್ತುಂಟು, ನಡುವೆ ಏನಾದರೂ ಬರೆದು ಹಾರಿಬಿಡು. ಬರೆದೇಬಿಟ್ಟ. ಬಲಬದಿಯಲ್ಲಿ ನಿಯಮದ ಹೆಸರು ಬರೆಯಲು ಪೆನ್ನು ಇಟ್ಟಾಗ ಬರೆಯಲು ಏನೂ ಇರಲಿಲ್ಲ. ಆ ಸಾಲಿಗೆ ಗೆರೆ ಎಳೆದ. ಆಮೇಲೆ ಮೇಡಂ ಏಪ್ರಿಲ್‌ನಲ್ಲಿ ಕೊಟ್ಟ ಲೆಕ್ಕಗಳಲ್ಲಿ ಅವನಿಗೆ ಎಲ್ಲಕ್ಕಿಂತ ಹೇಸಿಗೆ ಎನಿಸಿದ್ದ ವಿಧಾನವನ್ನು ಹಿಡಿದ. ಸಾಧಿಸಬೇಕಾದದ್ದು ಸುಳ್ಳೆಂದೇ ಮೊದಲು ಒಪ್ಪಿಕೊಳ್ಳುವುದು, ಹಾಗೆ ಒಪ್ಪಿದರೆ ಒಂದೇ ಮಾತು ನಿಜವೂ ಸುಳ್ಳೂ ಎರಡೂ ಆಗಬೇಕಾಗುತ್ತದೆಂದು ತೋರಿಸುವುದು. ಏಳು ಸಾಲಿನಲ್ಲಿ ಮುಗಿಯಿತು. ಪ್ರತಿ ಸಾಲಿಗೂ ಮನಸ್ಸಿನಲ್ಲಿ ಬೀರಪ್ಪನ ದನಿಯಲ್ಲಿ ಕೇಳಿಕೊಂಡ, ಮೇಡಂ ಬೆರಳಿನಿಂದ ನೋಡಿದ. ಗಂಟೆ ಹೊಡೆಯುವಾಗ ಇನ್ನೂ ಎರಡು ಪ್ರಶ್ನೆ ಬಾಕಿ ಇದ್ದವು.

ಜುಲೈಯಲ್ಲಿ ಫಲಿತಾಂಶ ಬಂತು. ಪಾಸಾಗಲು ಬೇಕಾದದ್ದಕ್ಕಿಂತ ಮೂರು ಅಂಕ ಜಾಸ್ತಿ. ಅವನು ಬಟ್ಟೆ ಅಂಗಡಿಗೇ ಹೋಗಿ ಫೋನನ್ನು ನಾಝಿಯಾಳ ಮುಂದೆ ಹಿಡಿದ. ಅವಳು ನೋಂದಣಿ ಸಂಖ್ಯೆಯನ್ನು ತಾನೇ ಇನ್ನೊಮ್ಮೆ ಹಾಕಿ ನೋಡಿದಳು.

"ಪಾಸಾಗಿದ್ದೀರಿ" ಎಂದಳು. "ಮದುವೆ ಹೊತ್ತಿನ ಸುಳ್ಳು ಇದರಿಂದ ನಿಜ ಆಯ್ತು ಅಂತ ಅಂದುಕೊಳ್ಳಬೇಡಿ."

"ಅಂದುಕೊಂಡಿಲ್ಲ" ಎಂದ ಅವನು.

ಅವಳು ಮುಂದೆ ನಿಂತಿದ್ದ ಗಿರಾಕಿಯ ಸೀರೆಯನ್ನು ಬಿಲ್ಲಿಗೆ ತೆಗೆದುಕೊಂಡಳು. ಸಂಜೆ ಡ್ರೈವರಿಗೆ ಫೋನು ಬರಲಿಲ್ಲ.

ಸರ್ಟಿಫಿಕೇಟಿನ ಅರ್ಜಿಗೆ ವಿಭಾಗದ ಮುಖ್ಯಸ್ಥರ ಸಹಿ ಬೇಕು. ಮುಖ್ಯಸ್ಥರು ಝೀಟಾ ಮೇಡಂ. ಕಾಲೇಜಿನಲ್ಲಿ ಅವನನ್ನು ಸ್ಟಾಫ್‌ರೂಮಿನ ಹೊರಗೆ ಮುಕ್ಕಾಲು ಗಂಟೆ ನಿಲ್ಲಿಸಿದರು. ಅವನಿಗಿಂತ ಆಮೇಲೆ ಬಂದ ಇಬ್ಬರು ಸಹಿ ಹಾಕಿಸಿಕೊಂಡು ಹೋದರು. ಕೊನೆಗೆ ಕರೆದು, ಕಚೇರಿಯವರು ಟೈಪು ಮಾಡಿದ ಅರ್ಜಿಗೆ ತಲೆ ಎತ್ತದೆ ಸಹಿ ಹಾಕಿ, ಮೇಜಿನ ಮೇಲೆ ಈ ಕಡೆ ತಳ್ಳಿದರು. ಅಭಿನಂದನೆ ಹೇಳಲಿಲ್ಲ, ಎಷ್ಟು ಬಂತೆಂದು ಕೇಳಲಿಲ್ಲ.

ರಾಝಿಕ್ ಅಲ್ಲೇ ನಿಂತು ಓದಿದ. ವಾಪಸು ತಳ್ಳಿದ.

"ರಜಾಕ್ ಅಂತ ಉಂಟು. ಅದು ನಾನಲ್ಲ."

"ಕಚೇರಿಯವರು ಮಾಡಿದ್ದು."

"ಕೆಳಗೆ ಸಹಿ ನಿಮ್ಮದು ಮೇಡಂ."

ಮೇಡಂ ಆಗ ತಲೆ ಎತ್ತಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ತಪ್ಪು ಹೆಸರಿಗೆ ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ತಿದ್ದಿದ ಜಾಗದಲ್ಲಿ ಇನ್ನೊಂದು ಸಹಿ ಹಾಕಿ ತಾರೀಕು ಬರೆದರು. ಅವನು ಪ್ರತಿ ಅಕ್ಷರದ ಮೇಲೆ ಬೆರಳಿಟ್ಟು ಓದಿ, ಮಡಚಿ ಕಿಸೆಗಿಟ್ಟ. ಥ್ಯಾಂಕ್ಸ್ ಹೇಳಲಿಲ್ಲ. ಅವರು ಕಾಯಲೂ ಇಲ್ಲ, ಬಾಗಿಲಲ್ಲಿ ನಿಂತಿದ್ದ ಮುಂದಿನ ವಿದ್ಯಾರ್ಥಿಯನ್ನು ಕರೆದರು.

ಅಕ್ಟೋಬರಿನಿಂದ ರಾಝಿಕ್ ಮಣಿಪಾಲದ ಒಂದು ಲ್ಯಾಬಿನ ರಿಪೋರ್ಟ್ ವಿಭಾಗದಲ್ಲಿ ಕೆಲಸ ಮಾಡುತ್ತಾನೆ. ಬೀರಪ್ಪನ ಬಸ್ಸಿನಲ್ಲಿ ಈಗ ಅವನೂ ನನ್ನಂತೆಯೇ ಟಿಕೆಟ್ ತೆಗೆದುಕೊಳ್ಳುವವನು. ಮೇಡಂ ಸಹ ನಮ್ಮ ಬಸ್ಸಿಗೇ ವಾಪಸು ಬಂದಿದ್ದಾರೆ, ಏಳು ಇಪ್ಪತ್ತರದ್ದು ವಾರಕ್ಕೆ ಎರಡು ದಿನ ಕೈಕೊಡುತ್ತದೆ. ಅವರ ಪಕ್ಕದ ಸೀಟು ಖಾಲಿ ಇದ್ದರೆ ರಾಝಿಕ್ ಮಣಿಪಾಲದ ತನಕ ನಿಂತೇ ಬರುತ್ತಾನೆ. ಅವರು ಊಟದ ಚೀಲವನ್ನು ಎತ್ತಿ ಆ ಸೀಟಿನ ಮೇಲೆ ಇಟ್ಟುಕೊಳ್ಳುತ್ತಾರೆ.